ತಂಬಾಕು ಸೀಮೆಯ ಕೆಮ್ಮು ಮತ್ತು ದೂರದ ಮಣ್ಣಿನ ಮದ್ದು

ನಿಪ್ಪಾಣಿಯ ತಂಬಾಕು ವಖಾರಿಗಳ ಆಸುಪಾಸಿನಲ್ಲಿ, ನಮ್ಮ ಕೊಗನೊಳ್ಳಿಯಂಥ ಊರುಗಳಲ್ಲಿ ಬೆಳೆದವರಿಗೆ ದಮ್ಮು ಎಂದರೇನೆಂದು ವಿವರಿಸಬೇಕಾಗಿಲ್ಲ. ತಂಬಾಕಿನ ದೂಳು, ಬೀಡಿಯ ಹೊಗೆ, ಒಲೆಯ ಹೊಗೆ, ಎಂದೋ ಬಂದುಹೋದ ಕ್ಷಯ ಎಲ್ಲವೂ ಎದೆಯಲ್ಲಿ ತಮ್ಮ ಗುರುತು ಬಿಡುತ್ತವೆ. ಹಳೆಯ ವಿದ್ಯಾರ್ಥಿಯೊಬ್ಬರು ಪತ್ರ ಬರೆದಿದ್ದಾರೆ: ಅವರ ತಂದೆಗೆ ವೈದ್ಯರು ಅಜಿಥ್ರೋಮೈಸಿನ್ ಗುಳಿಗೆಯನ್ನು ವಾರಕ್ಕೆ ಮೂರರಂತೆ ತಿಂಗಳುಗಟ್ಟಲೆ ನುಂಗಲು ಹೇಳಿದ್ದಾರಂತೆ. ಮೂರು ದಿನದ ಗುಳಿಗೆಯನ್ನು ಇಷ್ಟು ಕಾಲ ನುಂಗುವುದುಂಟೇ ಎಂಬುದು ಅವರ ಆತಂಕ. ಉಂಟು, ಅದರ ಹಿಂದೆ ಸ್ವಾರಸ್ಯವಾದ ಚರಿತ್ರೆಯೂ ಉಂಟು.

1949ರಲ್ಲಿ ಫಿಲಿಪ್ಪೀನ್ಸಿನ ಇಲೋಯಿಲೋ ಪ್ರಾಂತ್ಯದ ಮಣ್ಣನ್ನು ಅಬೆಲಾರ್ಡೋ ಅಗಿಲಾರ್ ಎಂಬ ವೈದ್ಯರು ಅಮೆರಿಕದ ಎಲಿ ಲಿಲ್ಲಿ ಕಂಪನಿಗೆ ಕಳುಹಿಸಿದರು. ಅದರೊಳಗಿನ ಸೂಕ್ಷ್ಮಜೀವಿಯಿಂದ 1952ರಲ್ಲಿ ಎರಿಥ್ರೋಮೈಸಿನ್ ದೊರಕಿತು. ಲಾಭದಲ್ಲಿ ಪಾಲು ಕೇಳಿದ ಅಗಿಲಾರರಿಗೆ ಅದು ಸಿಗಲೇ ಇಲ್ಲ. ಮಣ್ಣು ಕೊಟ್ಟವರ ಪಾಡು ಎಲ್ಲೆಡೆಯೂ ಒಂದೇ ಏನೋ! ಇದೇ ವಂಶದ ಅಜಿಥ್ರೋಮೈಸಿನ್ 1980ರಲ್ಲಿ ಜಾಗ್ರೆಬ್ ನಗರದ ಪ್ಲೀವಾ ಕಂಪನಿಯಲ್ಲಿ ಹುಟ್ಟಿತು.

ಕಥೆಯ ತಿರುವು ಇರುವುದು ಜಪಾನಿನಲ್ಲಿ. ಅಲ್ಲಿ ಸಣ್ಣ ಶ್ವಾಸನಾಳಗಳು ಬಾತು ಕಫ ತುಂಬುವ ರೋಗವೊಂದಿತ್ತು. 1970ರ ದಶಕದಲ್ಲಿ ಅದು ತಗುಲಿದವರಲ್ಲಿ ಐದು ವರ್ಷ ಬದುಕುಳಿಯುತ್ತಿದ್ದವರು ಶೇಕಡಾ 63 ಮಾತ್ರ. ಕಡಿಮೆ ಪ್ರಮಾಣದ ಎರಿಥ್ರೋಮೈಸಿನ್ ಅನ್ನು ಬಹುಕಾಲ ಸೇವಿಸಿದ ರೋಗಿಯೊಬ್ಬ ಅನಿರೀಕ್ಷಿತವಾಗಿ ಚೇತರಿಸಿಕೊಂಡದ್ದನ್ನು ಡಾ. ಶೋಜಿ ಕುಡೋ ಗಮನಿಸಿ, ಇತರರಲ್ಲಿಯೂ ಪ್ರಯೋಗಿಸಿದರು. 1985ರ ನಂತರ ಆ ಸಂಖ್ಯೆ 91ಕ್ಕೇರಿತು. ರೋಗಾಣುವನ್ನು ಕೊಲ್ಲಲಾಗದಷ್ಟು ಅಲ್ಪ ಪ್ರಮಾಣವೂ ಶ್ವಾಸನಾಳದ ಉರಿಯೂತವನ್ನು ತಣಿಸುತ್ತಿತ್ತು.

ಅಮೆರಿಕದಲ್ಲಿ 1142 ಸಿಓಪಿಡಿ ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅರ್ಧದಷ್ಟು ಜನರಿಗೆ ಒಂದು ವರ್ಷ ಪ್ರತಿದಿನ 250 ಮಿ.ಗ್ರಾಂ ಅಜಿಥ್ರೋಮೈಸಿನ್ ಕೊಡಲಾಯಿತು. ದಮ್ಮು ಹಠಾತ್ತನೆ ಉಲ್ಬಣಿಸುವುದು ವರ್ಷಕ್ಕೆ ಸರಾಸರಿ 1.83 ಸಲದಿಂದ 1.48ಕ್ಕೆ ಇಳಿಯಿತು. ಕೆಲವರಿಗೆ ಕಿವಿ ಮಂದವಾಯಿತು. ಹೃದಯದ ಬಡಿತ ತಪ್ಪುವ ಅಪಾಯವೂ ಇರುವುದರಿಂದ ಮೊದಲು ಇಸಿಜಿ ನೋಡುತ್ತಾರೆ.

ನಮ್ಮ ನಾಡಿನ ಸಂಗತಿ ಇನ್ನೂ ಸೂಕ್ಷ್ಮ. ಶ್ವಾಸನಾಳಗಳು ಹಿಗ್ಗಿ ಕಫ ನಿಲ್ಲುವ ರೋಗವಿದ್ದ 2195 ಭಾರತೀಯರ ವಿವರ 2019ರಲ್ಲಿ ಪ್ರಕಟವಾಯಿತು. ಮೂರರಲ್ಲೊಬ್ಬರಿಗಿಂತ ಹೆಚ್ಚು ಮಂದಿಗೆ ಅದರ ಮೂಲ ಕ್ಷಯ. ಆದ್ದರಿಂದ ಕಫದ ಪರೀಕ್ಷೆಯಾಗದೆ ಈ ಗುಳಿಗೆ ಆರಂಭಿಸಬಾರದು. ಕ್ಷಯಕ್ಕೆ ಇದು ಮದ್ದಲ್ಲ. ಕ್ಷಯದ ಬಳಗದ ಬೇರೆ ರೋಗಾಣುಗಳು ಅಡಗಿದ್ದರೆ, ಒಂಟಿ ಗುಳಿಗೆಗೆ ಅವು ಬಗ್ಗದಂತಾಗುತ್ತವೆ.

2021ರಲ್ಲಿ ಕೊಗನೊಳ್ಳಿಯ ಗಡಿ ತಪಾಸಣಾ ಠಾಣೆಯಲ್ಲಿ ಕೋವಿಡ್ ವರದಿ ಕೇಳುತ್ತಿದ್ದ ಕಾಲಕ್ಕೆ ಮನೆಮನೆಯಲ್ಲೂ ಇದೇ ಗುಳಿಗೆ ಇತ್ತು. ಕೋವಿಡ್‌ಗೆ ಅದರಿಂದ ಪ್ರಯೋಜನವಿಲ್ಲವೆಂದು ಅದೇ ವರ್ಷ ಬ್ರಿಟನ್ನಿನ ಅಧ್ಯಯನಗಳು ತೋರಿಸಿದವು. ಅಂದು ಉಳಿದ ಗುಳಿಗೆಗಳನ್ನು ದಮ್ಮಿಗೆಂದು ತೆಗೆದು ನುಂಗಬೇಡಿ.

ಪತ್ರ ಬರೆದವರಿಗೆ ಇನ್ನೊಂದು ಮಾತು. ಆ ಅಮೆರಿಕದ ಅಧ್ಯಯನವನ್ನು ಮರಳಿ ಪರಿಶೀಲಿಸಿದಾಗ, ಧೂಮಪಾನ ಮುಂದುವರಿಸಿದವರಲ್ಲಿ ಗುಳಿಗೆಯ ಲಾಭ ಹೆಚ್ಚೇನೂ ಕಾಣಲಿಲ್ಲ. ತಂದೆಯವರು ಬೀಡಿ ಬಿಟ್ಟಿದ್ದಾರೆಯೇ?