ದಂಡಾಧಿಕಾರ ಮತ್ತು ಹೊಣೆಗಾರಿಕೆ

ಪೊಲೀಸ್ ವ್ಯವಸ್ಥೆಯನ್ನು ತಿದ್ದಬೇಕೋ, ತೆಗೆದೇ ಹಾಕಬೇಕೋ ಎಂಬ ವಾದ ಇಂದಿನದೆಂದು ಹಲವರು ಭಾವಿಸುವುದುಂಟು. ವಸ್ತುತಃ ಈ ಎರಡು ಪ್ರಯೋಗಗಳೂ ಕಳೆದ ಶತಮಾನಗಳಲ್ಲಿ ಮದ್ರಾಸ್ ಪ್ರಾಂತದಲ್ಲಿ ನಡೆದುಹೋಗಿವೆ. ನಮ್ಮ ಬಳ್ಳಾರಿ, ಕೆನರಾ ಸೀಮೆಗಳು ಆಗ ಆ ಪ್ರಾಂತಕ್ಕೆ ಸೇರಿದ್ದುದರಿಂದ ಅದು ನಮ್ಮ ಚರಿತ್ರೆಯೂ ಹೌದು.

ಹಿಂದೆ ಊರಿನ ರಕ್ಷಣೆಯು ಗೌಡ, ತಳವಾರರ ಹೊಣೆಯಾಗಿತ್ತು. ಕಳುವಾದ ಸೊತ್ತು ಸಿಕ್ಕದಿದ್ದರೆ ಹಲವೆಡೆ ಕಾವಲುಗಾರನೇ ನಷ್ಟ ತುಂಬಿಕೊಡಬೇಕಾಗಿತ್ತು. 1802ರಲ್ಲಿ ಕಂಪನಿ ಸರ್ಕಾರವು ಈ ಪದ್ಧತಿಯನ್ನು ಬದಿಗೊತ್ತಿ ಸಂಬಳದ ದರೋಗರನ್ನು ನೇಮಿಸಿತು. ಈ ಏರ್ಪಾಡು ಊರುಗಳಿಗೆ ಒಗ್ಗಲಿಲ್ಲ. ಹಿಂದೆ ಈ ಎರಡೂ ಸೀಮೆಗಳಲ್ಲಿ ಕಲೆಕ್ಟರನಾಗಿದ್ದ ಥಾಮಸ್ ಮನ್ರೋನ ಸಲಹೆಯಂತೆ 1816ರಲ್ಲಿ ದರೋಗ ಪದ್ಧತಿ ರದ್ದಾಯಿತು. ಅಧಿಕಾರವು ಮರಳಿ ಗ್ರಾಮದ ಮುಖ್ಯಸ್ಥರಿಗೂ ತಳವಾರರಿಗೂ, ಅವರ ಮೇಲೆ ತಹಸೀಲ್ದಾರ, ಕಲೆಕ್ಟರರಿಗೂ ಸಂದಿತು.

ಉದ್ದೇಶ ಒಳ್ಳೆಯದೇ. ಆದರೆ ಕಂದಾಯ ವಸೂಲಿ ಮಾಡುವವರ ಕೈಗೇ ದಂಡವೂ ಬಂದಿತು. ನೊಂದವನು ಯಾರ ವಿರುದ್ಧ ದೂರಬೇಕೋ ಅವರಲ್ಲಿಗೇ ದೂರು ಒಯ್ಯಬೇಕಾಯಿತು. ಇದರ ಫಲವನ್ನು 1855ರ ಮದ್ರಾಸ್ ಚಿತ್ರಹಿಂಸಾ ಆಯೋಗದ ವರದಿ ತೆರೆದಿಟ್ಟಿತು. ಬಾಕಿ ತೆರದ ರೈತನನ್ನು ಬಗ್ಗಿಸಿ ಕಟ್ಟಿ ಬಿಸಿಲಿನಲ್ಲಿ ನಿಲ್ಲಿಸುತ್ತಿದ್ದರು. ಮರದ ಇಕ್ಕುಳದಲ್ಲಿ ಬೆರಳು ಹಿಸುಕುತ್ತಿದ್ದರು. ಆರೋಪಿಯಿಂದ ತಪ್ಪೊಪ್ಪಿಗೆ ಪಡೆಯುವುದಕ್ಕೂ ಇಂಥವೇ ಸಾಧನಗಳು.

ಬಳಿಕ 1859ರಲ್ಲಿ ಮದ್ರಾಸಿನಲ್ಲಿ ಕಂದಾಯದಿಂದ ಬೇರ್ಪಟ್ಟ ಪೊಲೀಸ್ ಪಡೆ ಹುಟ್ಟಿತು. 1861ರ ಕಾಯಿದೆ ಬ್ರಿಟಿಷ್ ಇಂಡಿಯಾಕ್ಕೆಲ್ಲ ಆ ಮಾದರಿಯನ್ನು ಹಬ್ಬಿಸಿತು. ಆದರೆ 1857ರ ದಂಗೆಯ ಭಯ ಇನ್ನೂ ಆರದಿದ್ದ ಆ ಸರ್ಕಾರ, ಪಡೆಯನ್ನು ತನಗೆ ವಿಧೇಯವಾಗಿಸಿತೇ ಹೊರತು ಪ್ರಜೆಗೆ ಉತ್ತರವಾದಿಯಾಗಿಸಲಿಲ್ಲ. 1902–03ರ ಫ್ರೇಜರ್ ಆಯೋಗಕ್ಕೆ ಮತ್ತೆ ಕಂಡದ್ದು ಲಂಚ ಮತ್ತು ದಬ್ಬಾಳಿಕೆಯೇ.

ಸ್ವಾತಂತ್ರ್ಯಾನಂತರ, ನಮ್ಮ ರಾಜ್ಯದ ರಾಜ್ಯಪಾಲರಾಗಿದ್ದ ಧರ್ಮವೀರರ ಅಧ್ಯಕ್ಷತೆಯಲ್ಲಿ 1977ರಲ್ಲಿ ರಾಷ್ಟ್ರೀಯ ಪೊಲೀಸ್ ಆಯೋಗ ನೇಮಕಗೊಂಡು, 1981ರೊಳಗೆ ಎಂಟು ವರದಿಗಳನ್ನಿತ್ತಿತು. ಅವು ಬಹುಕಾಲ ಕಡತಗಳಲ್ಲಿಯೇ ಉಳಿದವು. 2006ರ ಸೆಪ್ಟೆಂಬರ್ 22ರಂದು ಸರ್ವೋಚ್ಚ ನ್ಯಾಯಾಲಯವು, ಪೊಲೀಸರ ಮೇಲಿನ ದೂರುಗಳನ್ನು ವಿಚಾರಿಸಲು ರಾಜ್ಯ, ಜಿಲ್ಲಾ ಮಟ್ಟಗಳಲ್ಲಿ ಪ್ರಾಧಿಕಾರಗಳನ್ನು ರಚಿಸಬೇಕೆಂದು ಆದೇಶಿಸಿತು. ಅಂದಿನ ಆದೇಶಗಳು ಅನೇಕ ರಾಜ್ಯಗಳಲ್ಲಿ ಇನ್ನೂ ಪೂರ್ಣವಾಗಿ ಜಾರಿಗೆ ಬಂದಿಲ್ಲ.

1816ರಲ್ಲಿ ತೆಗೆದುಹಾಕಿದ್ದಾಯಿತು, 1861ರಲ್ಲಿ ಹೊಸದಾಗಿ ಕಟ್ಟಿದ್ದಾಯಿತು. ಬಡವನ ಬೆನ್ನಿಗೆ ಬೀಳುವ ಪೆಟ್ಟು ಮಾತ್ರ ತಪ್ಪಲಿಲ್ಲ. ದಂಡವನ್ನು ದರೋಗನಿಂದ ಕಸಿದುಕೊಂಡರೆ ಅದು ಮಾಯವಾಗುವುದಿಲ್ಲ. ಇನ್ನೊಬ್ಬನ ಕೈ ಸೇರುತ್ತದೆ. ಆದಕಾರಣ ಅದನ್ನು ಹಿಡಿದವನು ಯಾರಿಗೆ ಉತ್ತರ ಹೇಳಬೇಕು ಎಂಬುದೇ ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆ. ಠಾಣೆಯಲ್ಲಿ ಪೆಟ್ಟು ತಿಂದವನು ಅದೇ ಠಾಣೆಯ ಬಾಗಿಲಿಗೆ ದೂರು ಒಯ್ಯಬೇಕಾದ ಸ್ಥಿತಿ ಇರುವವರೆಗೆ, ಸುಧಾರಣೆ ಬರಿಯ ಹೆಸರಿನ ಬದಲಾವಣೆಯಷ್ಟೆ.