ಕಣದಿಂದ ರಸ್ತೆಗೆ, ರಸ್ತೆಯಿಂದ ಮತ್ತೆ ಕಣಕ್ಕೆ

ಸಂಘದ ಬೆಳ್ಳಿಹಬ್ಬದ ಈ ಸಂಚಿಕೆಗೆ ಸಾಲ, ಠೇವಣಿ, ಗೊಬ್ಬರದ ಲೆಕ್ಕವನ್ನು ಕಾರ್ಯದರ್ಶಿಗಳು ಬರೆದಿದ್ದಾರೆ. ನಮಗೆ ಒಪ್ಪಿಸಿರುವುದು ಊರಿನ ಚರಿತ್ರೆ. ಚರಿತ್ರೆ ಅಂದರೆ ಪಾಳೇಗಾರರ ಕಾಲದಿಂದ ಶುರು ಮಾಡಬೇಕೇನೋ! ನಾವು ಓದಿದ್ದು ಎಸ್ಸೆಸ್ಸೆಲ್ಸಿ, ಅಷ್ಟು ದೂರ ಹೋಗುವುದಿಲ್ಲ. ನಾವು ಕಂಡ ಒಕ್ಕಣೆಯ ಚರಿತ್ರೆ, ಅದರಲ್ಲಿ ಜನರ ಕೈಕಾಲು ಹೋದ ಚರಿತ್ರೆ, ಇಷ್ಟನ್ನೇ ಬರೆಯುತ್ತೇವೆ.

ನಾವು ಚಿಕ್ಕವರಿದ್ದಾಗ ಮನೆತನಕ್ಕೊಂದು ಕಣ. ಸುಗ್ಗಿಗೆ ಮುಂಚೆ ನೆಲ ಕೆತ್ತಿ, ನೀರು ಚಿಮುಕಿಸಿ, ಗುಂಡು ಎಳೆದು ಗಟ್ಟಿ ಮಾಡಿ, ಸಗಣಿ ಬಗ್ಗಡದಲ್ಲಿ ಸಾರಿಸುತ್ತಿದ್ದರು. ನಡುವೆ ಮೇಟಿ, ಸುತ್ತ ಎತ್ತು. ಆಗ ಪೆಟ್ಟೇ ಆಗುತ್ತಿರಲಿಲ್ಲ ಅಂತಲ್ಲ. ಎತ್ತು ತುಳಿದದ್ದುಂಟು, ಬಣವೆಯಲ್ಲಿ ಹಾವು ಕಚ್ಚಿದ್ದುಂಟು. ಆದರೆ 'ಹೋ' ಅಂದರೆ ಎತ್ತು ನಿಲ್ಲುತ್ತಿತ್ತು. ಮುಂದೆ ಬಂದ ಯಂತ್ರಕ್ಕೆ ಕಿವಿ ಇರಲಿಲ್ಲ.

ಯಂತ್ರ ನಮಗಿಂತ ಮೊದಲು ಬಂದದ್ದು ಉತ್ತರದ ಕಡೆ. 1960ರ ದಶಕದ ಕೊನೆಗೆ ಹಸಿರು ಕ್ರಾಂತಿಯ ಗೋಧಿ ಪಂಜಾಬು, ಹರಿಯಾಣದಲ್ಲಿ ರಾಶಿರಾಶಿಯಾಗಿ ಬಂತು. ಎತ್ತಿನಿಂದ ಒಕ್ಕಿ ಮುಗಿಯದೆ ಥ್ರೆಷರ್ ಬಂತು. ಪೈರು ಕೊಡುವ ಬಾಯಿ ಗಿಡ್ಡ, ಕೈಯೂ ಒಳಗೆ ಹೋಗುವಷ್ಟು ಅಗಲ. ಎಷ್ಟೋ ಜನರ ಬೆರಳು, ಕೈ ಹೋದವು. 'ಕೂಲಿಯವನ ಅಜಾಗರೂಕತೆ' ಅಂದುಬಿಡುವುದು ಸುಲಭವಿತ್ತು. ಕಡೆಗೆ 1983ರಲ್ಲಿ ಪಾರ್ಲಿಮೆಂಟು ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯಿದೆ ಮಾಡಿತು. ತಯಾರಿಸುವವರ ಮೇಲೂ ಹೊಣೆ ಬಿತ್ತು, ಪೆಟ್ಟಾದವರಿಗೆ ಪರಿಹಾರ ಅಂತಾಯಿತು. ಪೈರು ಕೊಡುವ ದೋಣಿ ಉದ್ದವಾಗಿ, ಡ್ರಮ್ಮಿನ ಕಡೆ ಮೇಲ್ಭಾಗ ಮುಚ್ಚಿದ್ದರೆ ಕೈ ಹಲ್ಲಿನವರೆಗೆ ಹೋಗುವುದೇ ಇಲ್ಲ. ಇಷ್ಟು ಸಣ್ಣ ತಗಡಿನ ಕೆಲಸಕ್ಕೆ ಅಷ್ಟು ವರ್ಷ ಬೇಕಾಯಿತು ನೋಡಿ.

ದೆಹಲಿ ಐ.ಐ.ಟಿ.ಯ ಪ್ರೊಫೆಸರ್ ದಿನೇಶ್ ಮೋಹನ್ ಮತ್ತು ಸಂಗಡಿಗರು ಹರಿಯಾಣದ ಹಳ್ಳಿಗಳಲ್ಲಿ ಇಂಥ ಪೆಟ್ಟುಗಳ ಲೆಕ್ಕ ಹಿಡಿದು 1992ರಲ್ಲಿ ಪ್ರಕಟಿಸಿದರು. ಥ್ರೆಷರ್ ಒಂದೇ ಅಲ್ಲ, ಮನೆ ಹಿತ್ತಲಿನ ಮೇವು ಕತ್ತರಿಸುವ ಯಂತ್ರವೂ ಕೈ ತಿನ್ನುತ್ತಿತ್ತು, ಮಕ್ಕಳದ್ದೂ ಸೇರಿ. ಅವರು ಜನರಿಗೆ ಬರೀ ಬುದ್ಧಿ ಹೇಳಿ ಬರಲಿಲ್ಲ. ಕೆಲಸವಿಲ್ಲದಾಗ ಚಕ್ರ ತಿರುಗದಂತೆ ಬೀಗ, ಅಲಗಿನ ಹತ್ತಿರ ಕೈ ಹೋಗದಂತೆ ಅಡ್ಡ, ಹೀಗೆ ಯಂತ್ರವನ್ನೇ ತಿದ್ದುವ ದಾರಿ ಹುಡುಕಿದರು.

ನಮ್ಮೂರಲ್ಲಿ ಡೈರಿಗೆ ಹಾಲು ಹಾಕಲು ಶುರುವಾದ ಮೇಲೆ ಮೇವಿನ ಯಂತ್ರ ಬಂತು. ನಮ್ಮ ದೊಡ್ಡಪ್ಪನವರ ಬಲಗೈಯ ಎರಡು ಬೆರಳು ಅದರಲ್ಲೇ ಹೋದವು. ಊರೆಲ್ಲ 'ಹಣೆಬರಹ' ಅಂದಿತು. ದೊಡ್ಡಪ್ಪನವರೂ ಹಾಗೇ ಅಂದರು. ಬೀಗದ ಮಾತು ಯಾರಿಗೂ ಗೊತ್ತಿರಲಿಲ್ಲ.

ಇನ್ನು ರಸ್ತೆ. ನಮ್ಮ ಸಂಘ ಹುಟ್ಟಿದ ಆಸುಪಾಸಿನಲ್ಲೇ, 2000ದ ಡಿಸೆಂಬರ್ 25ರಂದು, ಹಳ್ಳಿ ರಸ್ತೆಗಳಿಗಾಗಿ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆ ಶುರುವಾಯಿತು. ಮುಂದೆ ನಮ್ಮೂರಿಗೂ ಡಾಂಬರು ಬಂತು. ಅಷ್ಟರಲ್ಲಿ ಎತ್ತು ಮಾರಿದ್ದೆವು, ಆಳು ಬೆಂಗಳೂರು ಸೇರಿದ್ದರು, ಕಣ ಮಾಡುವವರಿಲ್ಲ. ರಸ್ತೆ ನಯವಾಗಿತ್ತು, ತುಳಿಯಲು ಲಾರಿ, ಬಸ್ಸು ಪುಕ್ಕಟೆ. ರಾಗಿ, ಹುರುಳಿ ಎಲ್ಲ ರಸ್ತೆಗೆ ಬಿತ್ತು. ಹುರುಳಿ ಬಳ್ಳಿ ಕಾರಿನ ತಳಕ್ಕೆ ಸುತ್ತಿಕೊಂಡರೆ ಬೆಂಕಿಯೂ ಹತ್ತುತ್ತದೆ. ರಾಶಿ ಕಾಯಲು ಸಾಲಾಗಿ ಇಟ್ಟ ಕಲ್ಲು ರಾತ್ರಿ ಯಾರ ಕಣ್ಣಿಗೆ ಬೀಳಬೇಕು?

ಹೇಳಬೇಕಾದ್ದನ್ನು ಹೇಳಿಬಿಡುತ್ತೇವೆ. ಬೆಳಗಿನ ಜಾವ ಹಾಲಿನ ಕ್ಯಾನು ಕಟ್ಟಿಕೊಂಡು ಬರುತ್ತಿದ್ದ ಹುಡುಗನ ಬೈಕು ಜಾರಿದ್ದು ನಮ್ಮದೇ ರಾಗಿ ಹುಲ್ಲಿನ ಮೇಲೆ. ತೊಡೆಯ ಮೂಳೆ ಮುರಿಯಿತು. ಹಾಲು, ರಾಗಿ, ರಕ್ತ ಮೂರೂ ಕಲೆತು ಹರಿದದ್ದನ್ನು ಕಂಡೆವು. ಅವರಪ್ಪ ನಮ್ಮನ್ನು ಬಯ್ಯಲಿಲ್ಲ, ಅವರ ರಾಗಿಯೂ ಅಲ್ಲೇ ಮುಂದೆ ಇತ್ತು.

ಆ ವರ್ಷದ ಸಭೆಯಲ್ಲಿ ನಾವೇ ವಿಷಯ ಎತ್ತಿದೆವು. 'ರಸ್ತೆ ನಿಮ್ಮಪ್ಪಂದಾ?' ಅಂದರು ಒಬ್ಬರು. 'ಒಕ್ಕೋದು ಬೇಡ ಅಂದ್ರೆ ತಲೆ ಮೇಲೆ ಒಕ್ಕೋಣ್ವಾ?' ಅಂದರು ಇನ್ನೊಬ್ಬರು. ಈ ಎರಡನೆಯ ಮಾತೇ ಸರಿ ಅನ್ನಿಸಿತು. ಜಾಗ ತೋರಿಸದೆ ಬೇಡ ಅನ್ನಲು ನಾವು ಯಾರು? ಗ್ರಾಮ ಪಂಚಾಯಿತಿಯವರನ್ನು ಹಿಡಿದೆವು. ಉದ್ಯೋಗ ಖಾತ್ರಿಯಲ್ಲಿ ಆಗ ಒಕ್ಕಣೆ ಕಣಕ್ಕೆ ಅವಕಾಶವಿತ್ತು. ಗೋದಾಮಿನ ಹಿಂದೆ ಸಿಮೆಂಟು ಕಣ ಆಯಿತು. ಸಂಘದಿಂದ ಟಾರ್ಪಾಲು, ಉದ್ದ ದೋಣಿಯ ಥ್ರೆಷರ್ ಬಾಡಿಗೆಗೆ. ಸರದಿಗೆ ಚೀಟಿ ಎತ್ತುವುದು. ಮೊದಲ ವರ್ಷ ಸರದಿಗಾಗಿಯೇ ಜಗಳ, ನಡುವೆ ಮಳೆ ಬಂದು ಇಬ್ಬರ ರಾಗಿ ಕಪ್ಪಾಯಿತು, ನಿರ್ದೇಶಕರೆಲ್ಲ ಬೈಗುಳ ತಿಂದೆವು. ಮೇವಿನ ಯಂತ್ರಕ್ಕೆ ಸಾಲ ಕೊಡುವಾಗ ಚಕ್ರಕ್ಕೆ ಬೀಗ ಹಾಕಿಸಿದ್ದಾರಾ ಅಂತ ಹೋಗಿ ನೋಡುವುದು ಆಮೇಲೆ ಸೇರಿತು. ದೊಡ್ಡಪ್ಪನವರೇ ಜೊತೆಗೆ ಬಂದು ಕೈ ತೋರಿಸುತ್ತಿದ್ದರು.

ಕೆಳಗಿನ ಕೇರಿಯವರಿಗೆ ಈ ಕಣ ದೂರ. ಗಾಡಿ ಬಾಡಿಗೆ ಯಾರು ಕೊಡುತ್ತಾರೆ ಅಂತ ಕಳೆದ ಸುಗ್ಗಿಯಲ್ಲೂ ಸೇತುವೆ ಹತ್ತಿರ ರಸ್ತೆಗೇ ಹುರುಳಿ ಹರಡಿದ್ದರು. ಅವರ ಮಾತಿನಲ್ಲೂ ನ್ಯಾಯವಿದೆ. ಎರಡನೆಯ ಕಣಕ್ಕೆ ಶಾಲೆಯ ಹಿಂದಿನ ಜಾಗ ಕೇಳುವ ವಿಷಯ ಮುಂದಿನ ಸಾಮಾನ್ಯ ಸಭೆಗೆ ಬರಲಿದೆ. ಸದಸ್ಯರು ತಪ್ಪದೆ ಬರಬೇಕು, ಕೋರಂ ಇಲ್ಲ ಅಂತ ಹೋದ ಸಲದ ಹಾಗೆ ಎದ್ದು ಹೋಗುವಂತಾಗಬಾರದು.