ದ್ರಾವಿಡ್‌ನ ಬಿಟ್ಟವರು, ರೋಹಿತ್‌ನ ಬಿಟ್ಟವರು

ಬೀದರಿನಿಂದ ಹೈದರಾಬಾದಿಗೆ ಸುಮಾರು ೧೪೦ ಕಿ.ಮೀ., ಬೆಂಗಳೂರಿಗೆ ಹತ್ತಿರ ಹತ್ತಿರ ೭೦೦. ಹಾಗಾಗಿ ೨೦೦೮ರಲ್ಲಿ ಐಪಿಎಲ್ ಶುರುವಾದಾಗಿನಿಂದ ನಮ್ಮ ಊರಲ್ಲಿ ಎರಡು ಪಾರ್ಟಿ. ಭಾಲ್ಕಿಯಲ್ಲೂ ಅದೇ ಕಥೆ. ಔರಾದ್ ಕಡೆ ಹೋದರೆ ಮಹಾರಾಷ್ಟ್ರದ ಗಡಿ, ಅಲ್ಲಿ ಮುಂಬೈ ಅನ್ನೋ ಮೂರನೇ ಪಾರ್ಟಿ ಬೇರೆ. "ಕರ್ನಾಟಕದವರಾಗಿ ಹೈದರಾಬಾದಿಗೆ ಸಪೋರ್ಟಾ?" ಅಂತ ಬೆಂಗಳೂರಿನ ಗೆಳೆಯರು ಕೇಳ್ತಾರೆ. ೧೯೫೬ರವರೆಗೆ ನಾವು ಹೈದರಾಬಾದ್ ರಾಜ್ಯದಲ್ಲೇ ಇದ್ದವರು ಅನ್ನೋದು ಅವರಿಗೆ ಹೊಳೆಯೋದೇ ಇಲ್ಲ. ಇರಲಿ ಬಿಡಿ.

ಎರಡೂ ಟೀಮು ನೋಡಿಕೊಂಡು ಬಂದವರ ನಡುವೆ ಒಂದು ಜಗಳ ಇನ್ನೂ ಮುಗಿದಿಲ್ಲ. ಕಪ್ ಗೆಲ್ಲೋ ಹತ್ತಿರ ಬಂದ ಟೀಮು ತನ್ನ ಸ್ಟಾರ್ ಆಟಗಾರನನ್ನ ಇಟ್ಕೋಬೇಕಾ, ಬಿಡಬೇಕಾ?

೨೦೦೯ರ ಮೇ ೨೪, ಜೋಹಾನ್ಸ್‌ಬರ್ಗ್. ಫೈನಲ್ಲಿನಲ್ಲಿ ಡೆಕ್ಕನ್ ಚಾರ್ಜರ್ಸ್ ೧೪೩ ಹೊಡೆಯಿತು. ಕುಂಬ್ಳೆ ೧೬ ರನ್ನಿಗೆ ೪ ವಿಕೆಟ್ ತೆಗೆದರೂ ರಾಯಲ್ ಚಾಲೆಂಜರ್ಸ್ ೬ ರನ್ನಿಂದ ಸೋತಿತು. ಸೋತ ಟೀಮಿನ ಕುಂಬ್ಳೆಯೇ ಪಂದ್ಯಪುರುಷ! ೨೦೧೦ರಲ್ಲಿ ಎರಡೂ ಟೀಮು ಮತ್ತೆ ಸೆಮಿಫೈನಲ್ಲಿಗೆ ಬಂದವು. ಅಂದರೆ ಇಬ್ಬರೂ ಸರಿಯಾದ ದಾರಿಯಲ್ಲೇ ಇದ್ದರು.

ಆಮೇಲೆ ಬಂತು ೨೦೧೧ರ ದೊಡ್ಡ ಹರಾಜು. ಪ್ರತಿ ಟೀಮಿಗೆ ೯೦ ಲಕ್ಷ ಡಾಲರ್. ಹಳೇ ಆಟಗಾರರಲ್ಲಿ ನಾಲ್ವರವರೆಗೆ ಇಟ್ಕೋಬಹುದು, ಆದರೆ ಮೊದಲನೆಯವನಿಗೆ ೧೮ ಲಕ್ಷ, ಎರಡನೆಯವನಿಗೆ ೧೩ ಲಕ್ಷ ಡಾಲರ್ ಕಡಿತ. ಇಬ್ಬರನ್ನ ಇಟ್ಕೊಂಡರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ದುಡ್ಡು ಹೋಯ್ತು ಅಂತಲೇ ಲೆಕ್ಕ.

ಬೆಂಗಳೂರು ಒಬ್ಬನನ್ನ ಇಟ್ಕೊಂಡಿತು. ದ್ರಾವಿಡ್ ಅಲ್ಲ, ಕುಂಬ್ಳೆ ಅಲ್ಲ... ೨೨ರ ಹುಡುಗ ಕೊಹ್ಲಿ. ಮೂರು ಸೀಸನ್ನಿನಲ್ಲಿ ಅವನು ೩೫೦ ರನ್ ದಾಟಿದ್ದೇ ಇಲ್ಲ! ಕುಂಬ್ಳೆ ಹರಾಜಿಗೇ ಬರಲಿಲ್ಲ. ದ್ರಾವಿಡ್ ತನ್ನ ೩೮ನೇ ಹುಟ್ಟುಹಬ್ಬಕ್ಕೆ ಎರಡು ದಿನ ಮುಂಚೆ ಮುಗಿದ ಆ ಹರಾಜಿನಲ್ಲಿ, ಅದೂ ಬೆಂಗಳೂರಲ್ಲೇ, ೫ ಲಕ್ಷ ಡಾಲರಿಗೆ ರಾಜಸ್ಥಾನದ ಪಾಲಾದರು. ಹೊಟ್ಟೆ ಉರಿಯೋದಿಲ್ವಾ? ಉರಿಯುತ್ತೆ. ಆದರೂ ನನ್ನ ಮಟ್ಟಿಗೆ ಬೆಂಗಳೂರು ಮಾಡಿದ್ದು ಸರಿ. ಆ ೧೮ ಲಕ್ಷ ಡಾಲರ್ ಹಿಂದಿನ ಹತ್ತು ವರ್ಷಕ್ಕೆ ಕೊಟ್ಟಿದ್ದಲ್ಲ, ಮುಂದಿನ ಹತ್ತು ವರ್ಷಕ್ಕೆ ಕೊಟ್ಟಿದ್ದು.

"ಹಾಗಾದ್ರೆ ಚೆನ್ನೈ?" ಅಂತ ಕೇಳಬಹುದು. ಒಳ್ಳೇ ಪ್ರಶ್ನೆಯೇ. ಚೆನ್ನೈ ಧೋನಿ, ರೈನಾ, ವಿಜಯ್, ಆಲ್ಬಿ ಮೋರ್ಕೆಲ್ ನಾಲ್ವರನ್ನೂ ಇಟ್ಕೊಂಡಿತು, ೨೦೧೧ರ ಫೈನಲ್ಲಿನಲ್ಲಿ ನಮ್ಮನ್ನೇ ೫೮ ರನ್ನಿಂದ ಸೋಲಿಸಿತು. ಅವರ ನಾಲ್ವರಲ್ಲಿ ೩೮ರ ಹತ್ತಿರ ಇದ್ದವರು ಯಾರೂ ಇರಲಿಲ್ಲ ಅನ್ನೋದನ್ನೂ ನೋಡಬೇಕು. ಬೆಂಗಳೂರಿಗೆ ಕಪ್ ಸಿಗೋಕೆ ೨೦೨೫ರವರೆಗೆ ಕಾಯಬೇಕಾಯ್ತು. ಆಗ ಗೆದ್ದಿದ್ದು ಕೂಡ ೬ ರನ್ನಿಂದ, ಮತ್ತೆ ಕೊಹ್ಲಿ ಅಲ್ಲೇ ಇದ್ದ. ನಡುವಿನ ಹದಿನಾಲ್ಕು ವರ್ಷ ತಡವಾಗಿದ್ದಕ್ಕೆ ಕಾರಣ ದ್ರಾವಿಡ್‌ನ ಬಿಟ್ಟಿದ್ದಲ್ಲ, ಬ್ಯಾಟಿಂಗ್ ಸ್ಟಾರ್‌ಗಳ ಮೇಲೆ ದುಡ್ಡು ಸುರಿದು ಬೌಲಿಂಗ್ ಮರೆತಿದ್ದು. ೨೦೨೫ರ ಫೈನಲ್ ಗೆಲ್ಲಿಸಿದ್ದು ಕೃಣಾಲ್ ಪಾಂಡ್ಯನ ೧೭ ರನ್ನಿಗೆ ೨ ವಿಕೆಟ್ ಅಲ್ವಾ?

ನಿಜವಾದ ತಪ್ಪು ನಡೆದದ್ದು ನಮ್ಮ ಪಕ್ಕದ ಹೈದರಾಬಾದಿನಲ್ಲಿ. ಡೆಕ್ಕನ್ ಚಾರ್ಜರ್ಸ್ ಒಬ್ಬರನ್ನೂ ಇಟ್ಕೊಳ್ಳಲಿಲ್ಲ. ಗಿಲ್‌ಕ್ರಿಸ್ಟ್‌ಗೆ ವಯಸ್ಸಾಗಿತ್ತು, ಒಪ್ಪೋಣ. ಆದರೆ ರೋಹಿತ್ ಶರ್ಮ? ೨೩ ವರ್ಷ, ಮೂರು ಸೀಸನ್ನಿನಲ್ಲಿ ೪೦೪, ೩೬೨, ೪೦೪ ರನ್. ಕೊಹ್ಲಿಗಿಂತ ಆಗ ಎಲ್ಲಾ ರೀತಿಯಲ್ಲೂ ಮುಂದಿದ್ದವನು. ೨೦ ಲಕ್ಷ ಡಾಲರ್ ಕೊಟ್ಟು ಮುಂಬೈ ಎತ್ತಾಕ್ಕೊಂಡು ಹೋಯ್ತು, ಮುಂದೆ ಅವನ ಕ್ಯಾಪ್ಟನ್ಸಿಯಲ್ಲಿ ಐದು ಐಪಿಎಲ್ ಗೆದ್ದಿತು. ಚಾರ್ಜರ್ಸ್ ೨೦೧೧ರಲ್ಲಿ ಏಳನೇ ಸ್ಥಾನ, ೨೦೧೨ರಲ್ಲಿ ಎಂಟನೇ ಸ್ಥಾನ, ಆ ವರ್ಷವೇ ಟೀಮೇ ಬಂದ್. ಅದು ಮುಚ್ಚಿದ್ದು ದುಡ್ಡಿನ ತಾಪತ್ರಯಕ್ಕೆ, ರೋಹಿತ್‌ನ ಬಿಟ್ಟಿದ್ದಕ್ಕಲ್ಲ. ಆದರೆ ಆಟದಲ್ಲಿ ಅವರು ಅದಕ್ಕೂ ಮುಂಚೆನೇ ಮುಗಿದಿದ್ದರು.

೨೦೧೩ರ ಅಕ್ಟೋಬರ್ ೬, ದೆಹಲಿ. ಚಾಂಪಿಯನ್ಸ್ ಲೀಗ್ ಫೈನಲ್. ಟಾಸ್‌ಗೆ ಬಂದವರು ರಾಜಸ್ಥಾನದ ಕ್ಯಾಪ್ಟನ್ ದ್ರಾವಿಡ್, ಮುಂಬೈ ಕ್ಯಾಪ್ಟನ್ ರೋಹಿತ್. ಒಬ್ಬರು ಬೆಂಗಳೂರು ಬಿಟ್ಟವರು, ಇನ್ನೊಬ್ಬರು ಹೈದರಾಬಾದ್ ಬಿಟ್ಟವರು. ಮುಂಬೈ ೩೩ ರನ್ನಿಂದ ಗೆದ್ದಿತು. ಬೀದರಿನ ಎರಡೂ ಪಾರ್ಟಿಯವರು ಸುಮ್ಮನೆ ಟಿವಿ ಆರಿಸಿದರು. ಔರಾದಿನವರಿಗೆ ಮಾತ್ರ ಹಬ್ಬ :)